ಕ್ಷಿಪಣಿಗೆ ‘ರಿ’ ಹಚ್ಚಿದವನು

ನಾವು ಮಾಡಿದ ವಿಮಾನದ ಆಟದಲ್ಲಿ ಮೊದಲು ಒಂದು ಕನ್ನಡಿ ಇತ್ತು. ಪರದೆಯ ಮೇಲ್ತುದಿಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು. ಹಿಂದಿನಿಂದ ಬರುವ ಶತ್ರು ವಿಮಾನ ಅದರಲ್ಲಿ ಕಾಣುತ್ತಿತ್ತು. ಈಗ ನೀವು ಆ ಆಟ ಕೊಂಡು ಆಡಿದರೆ ಕನ್ನಡಿ ಸಿಗುವುದಿಲ್ಲ. ಮಾಡಿದವನು ನಾನು, ತೆಗೆದವನೂ ನಾನೇ. ತೆಗೆಯುವುದಕ್ಕೆ ಮುಂಚಿನ ಒಂದು ವಾರ ನಾನು ಹೇಗೆ ನಡೆದುಕೊಂಡೆ ಎಂಬುದನ್ನು ಒಬ್ಬರಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿಲ್ಲ. ಆ ಒಬ್ಬರಿಗೂ ಅರ್ಧವೇ ಹೇಳಿದ್ದೇನೆ.

ನಮ್ಮ ಆಫೀಸು ಇದ್ದದ್ದು ಅಣ್ಣಿಗೇರಿಯಲ್ಲಿ, ಸ್ಟೇಷನ್ ರಸ್ತೆಯ ಒಂದು ಕಾಳಿನ ಅಂಗಡಿಯ ಮಾಳಿಗೆಯ ಮೇಲೆ. ಕೆಳಗೆ ಕಡಲೆ, ಹೆಸರು, ಜೋಳದ ಚೀಲಗಳು. ಮೇಲೆ ನಾಲ್ಕು ಕಂಪ್ಯೂಟರು. ಕಾಳಿನ ಧೂಳು ಏರಿ ಬಂದು ಕೀಬೋರ್ಡಿನ ಸಂದಿಗೆ ಸೇರುತ್ತಿತ್ತು. ಆಫೀಸು ನಡೆಸುತ್ತಿದ್ದವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಆಟಗಳ ಕಂಪನಿಗಳಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದವರು. ಅವರ ಹಳೆಯ ಪರಿಚಯದಿಂದಲೇ ನಮಗೆ ಈ ಕೆಲಸ ಸಿಕ್ಕಿತ್ತು.

ಒಂದು ದೊಡ್ಡ ಕಂಪನಿಯ ವಿಮಾನ ಯುದ್ಧದ ಆಟಗಳ ಮಾಲೆ ಇದೆ. ಟಿವಿಗೆ ಜೋಡಿಸಿ ಆಡುವಂಥದ್ದು; ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಅದೇ ಮಾಲೆಯಿಂದ ಒಂದು ಟಿಸಿಲು ಒಡೆದು, ಕೈಯಲ್ಲಿ ಹಿಡಿದು ಆಡುವ ಸಣ್ಣ ಮಷಿನಿಗೆ ಒಂದು ಸಣ್ಣ ಆಟ ಮಾಡಿಕೊಡುವುದು ನಮ್ಮ ಪಾಲಿನ ಕೆಲಸ. ಹಲವು ಭಾಷೆಗಳಲ್ಲಿ ಬರುವ ಆಟ. ಅದರಲ್ಲಿ ಕನ್ನಡವೂ ಒಂದು. ಮೊದಲ ಮಾದರಿಯನ್ನು ನಿಮ್ಮ ಭಾಷೆಯಲ್ಲೇ ಕಳಿಸಿ ಎಂದಿದ್ದರು.

ದೊಡ್ಡ ಆಟದಲ್ಲಿ ಎರಡು ಕಡ್ಡಿ ಇರುತ್ತವೆ. ಒಂದರಿಂದ ವಿಮಾನ ತಿರುಗಿಸಿದರೆ ಇನ್ನೊಂದರಿಂದ ಕತ್ತು ಹೊರಳಿಸಿ ಹಿಂದೆ ನೋಡಬಹುದು. ನಮ್ಮ ಸಣ್ಣ ಮಷಿನಿನಲ್ಲಿ ಒಂದೇ ಕಡ್ಡಿ. ವಿಮಾನ ತಿರುಗುತ್ತದೆ, ಕತ್ತು ಹೊರಳುವುದಿಲ್ಲ. ಬೆನ್ನ ಹಿಂದೆ ಕ್ಷಿಪಣಿ ಬಂದರೆ ಆಡುವವನಿಗೆ ಗೊತ್ತಾಗುವುದು ಸತ್ತ ಮೇಲೆಯೇ. ಇದಕ್ಕೆ ಉಪಾಯ ಹುಡುಕುವುದು ನನಗೆ ಬಿತ್ತು. ಕಾಕಾ ಒಂದು ಮಾತು ಹೇಳಿದ್ದರು: “ಈ ಹಿಂದಿನ ಕಣ್ಣಿನ ಸಮಸ್ಯಾ ಯಾರು ಬಗೆಹರಸ್ತಾರೋ ಅವರ ಹೆಸರ ಕಂಪನಿಗೆ ಕೊಡತೀನಿ. ಮಾಲಿಯ ಮುಂದಿನ ದೊಡ್ಡ ಆಟಕ್ಕ ಅವರನ್ನ ಕುಂದರಸ್ಕೊಂಡ ಕೆಲಸಾ ಮಾಡ್ತಾರಂತ.” ಆ ಹೆಸರು ನನ್ನದೇ ಎಂದು ನಾನು ಆಗಲೇ ಬರೆದುಕೊಂಡುಬಿಟ್ಟಿದ್ದೆ.

ಕನ್ನಡಿ ಮಾಡಲು ಎರಡು ತಿಂಗಳು ಹಿಡಿಯಿತು. ಕನ್ನಡಿ ಎಂದರೆ ಮಷಿನು ಆಕಾಶವನ್ನು ಎರಡು ಸಲ ಬಿಡಿಸಬೇಕು, ಮುಂದಿನದೊಂದು, ಹಿಂದಿನದೊಂದು. ಸೆಕೆಂಡಿಗೆ ಮೂವತ್ತು ಚಿತ್ರ ಬಿಡಿಸುತ್ತಿದ್ದದ್ದು ಹತ್ತೊಂಬತ್ತಕ್ಕೆ ಇಳಿಯಿತು. ವಿಮಾನ ತಗ್ಗುದಿನ್ನೆಯ ರಸ್ತೆಯ ಬಸ್ಸಿನಂತೆ ಕುಲುಕಾಡಿತು. ಕನ್ನಡಿಯೊಳಗಿನ ಮೋಡ ತೆಗೆದೆ, ನೆಲ ತೆಗೆದೆ, ಶತ್ರುವನ್ನು ಕಪ್ಪು ಚುಕ್ಕೆ ಮಾಡಿದೆ. ಮೂರು ಚಿತ್ರಕ್ಕೊಮ್ಮೆ ಮಾತ್ರ ಕನ್ನಡಿಯನ್ನು ಬಿಡಿಸುವಂತೆ ಮಾಡಿದೆ. ಕಡೆಗೆ ಮೂವತ್ತು ಮರಳಿ ಬಂತು. ಆ ದಿನ ಊರಿಗೆ, ಅಂದರೆ ನವಲಗುಂದಕ್ಕೆ, ಬಸ್ಸಿನಲ್ಲಿ ನಿಂತೇ ಹೋದರೂ ಕೂತಂತೆ ಅನ್ನಿಸಿತ್ತು.

ಮರುವಾರ ಆಕೆ ಬಂದಳು.

ಧ್ವನಿಯ ಕೆಲಸಕ್ಕೆ ಕಾಕಾ ಕರೆಸಿದ್ದು. ಮೊರಬದವಳು, ಅಣ್ಣಿಗೇರಿಯಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡಿದ್ದಳು. ನನಗಿಂತ ಐದಾರು ವರ್ಷ ಚಿಕ್ಕವಳು. ಹಿಂದೆ ಭಜನೆ, ವಚನದ ಹಾಡುಗಳನ್ನು ರೆಕಾರ್ಡ್ ಮಾಡುವ ಕಡೆ ಕೆಲಸ ಮಾಡಿದ್ದಳಂತೆ. ಭಜನೆಗೂ ಜೆಟ್ ವಿಮಾನಕ್ಕೂ ಏನು ಸಂಬಂಧ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಮೂರನೆಯ ದಿನ ಆಕೆ ಹಿಟ್ಟಿನ ಗಿರಣಿಯ ಬೆಲ್ಟು ಶುರುವಾಗುವ ಸದ್ದು, ಕಾಳು ಒಕ್ಕುವ ರಾಶಿ ಮಷಿನಿನ ಸದ್ದು ಎರಡನ್ನೂ ಹಿಡಿದುಕೊಂಡು ಬಂದು, ಎಳೆದು, ಒಂದರ ಮೇಲೊಂದು ಕೂಡಿಸಿದಳು. ನನ್ನ ವಿಮಾನಕ್ಕೆ ಹಚ್ಚಿ ಕೇಳಿಸಿದಳು. ಕೆಳಗಿನ ಅಂಗಡಿಯವರು ಹೊರಗೆ ಬಂದು ಆಕಾಶ ನೋಡಿದರು.

ಅಂದಿನಿಂದ ಕಾಕಾನ ಬಾಯಲ್ಲಿ ಬರೀ “ಮೊರಬದಾಕಿನ್ನ ಕೇಳಿದ್ರೇನು, ಮೊರಬದಾಕಿ ಏನಂದ್ಲು.” ಕನ್ನಡಿಯ ಸುದ್ದಿಯೇ ಇಲ್ಲ. ನನಗೆ ಹೊಟ್ಟೆ ಉರಿಯಿತು. ಇದನ್ನು ಬೇರೆ ಚಂದದ ಮಾತಿನಲ್ಲಿ ಹೇಳಲು ಎಷ್ಟೋ ಸಲ ನೋಡಿದ್ದೇನೆ, ಆಗುವುದಿಲ್ಲ. ಆಕೆ ಮಧ್ಯಾಹ್ನ ಬುತ್ತಿ ಬಿಚ್ಚಿ ಎಲ್ಲರಿಗೂ ಶೇಂಗಾ ಚಟ್ನಿ ಹಂಚುತ್ತಿದ್ದಳು. ಅದು ಬಹಳ ರುಚಿಯಾಗಿರುತ್ತಿತ್ತು ಎಂಬುದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಇನ್ನೊಂದು ಸಣ್ಣ ಸಂಗತಿಯೂ ಇತ್ತು. ಆಫೀಸಿನಲ್ಲಿ ಚಿತ್ರ ಬಿಡಿಸುವವನು ಅಣ್ಣಿಗೇರಿಯವನೇ, ನೇಯ್ಗೆಯ ಮುಸ್ಲಿಂ ಮನೆತನದ ಹುಡುಗ, ಆಕೆಯ ವಾರಿಗೆಯವನು. ವಾರದೊಳಗೆ ಇಬ್ಬರೂ ಸಲಿಗೆಯಾದರು. “ಲೇ, ಆ ಮೋಡ ತಗೀಲೇ, ಕೌದಿ ಕಂಡಂಗ ಕಾಣತೈತಿ” ಎಂದು ಆಕೆ, “ನಿನಗೇನ ತಿಳಿತೈತಿ ಬೇ” ಎಂದು ಅವನು. ನನಗೆ ಮಾತ್ರ “ಸರ, ಚಾ ಬಂತ್ರಿ. ಸರ, ಕುಂದರ್ರಿ.” ಮರ್ಯಾದೆಗೆ ಕೊರತೆ ಇರಲಿಲ್ಲ. ಆದರೂ ಆ ‘ಲೇ’ ಕಿವಿಗೆ ಬಿದ್ದಾಗಲೆಲ್ಲ ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದಂತೆ ಆಗುತ್ತಿತ್ತು.

ಆಟದಲ್ಲಿ ನಾಯಕ ಪೈಲಟ್ ಎಂದರೆ ಆಡುವವನು. ಅವನ ಪಕ್ಕ ಹಾರುವ ಕಿರಿಯ ಪೈಲಟ್ ಒಬ್ಬಳು ರೇಡಿಯೋದಲ್ಲಿ ಮಾತಾಡುತ್ತಾಳೆ. ಆ ಮಾತು ನಮ್ಮ ಕಡೆಯ ಮಾತೇ ಇರಲಿ ಎಂದರು ಕಾಕಾ. ಬರೆಯುವ ಕೆಲಸ ನನಗೆ, ಧ್ವನಿ ಮೊರಬದಾಕೆಯದು. ಕನ್ನಡಿಗೆ ಜೊತೆಯಾಗಿ ಒಂದೆರಡು ಎಚ್ಚರಿಕೆಯ ಮಾತೂ ಬರೆದೆ. ನಾಯಕ ಎಂದರೆ ಹಿರಿಯ ಅಧಿಕಾರಿ. ಕಿರಿಯಳು ಹಿರಿಯನಿಗೆ ಹೇಗೆ ಮಾತಾಡಬೇಕೋ ಹಾಗೆ ಬರೆದೆ: “ಸರ, ನಿಮ್ಮ ಹಿಂದ ಕ್ಷಿಪಣಿ ಬರಾಕತ್ತೈತ್ರಿ, ಸ್ವಲ್ಪ ಎಡಕ್ಕ ಹೊಳ್ರಿ.”

ಹೊಳ್ಳು ಎಂದರೆ ಹೊರಳು, ತಿರುಗು ಎಂದು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು.

ಕಾಕಾನದೊಂದು ನಿಯಮ: ಎಂದೂ ಆಟ ಆಡದವನೇ ಮಾಳಿಗೆ ಹತ್ತಿ ಬಂದು ಮೊದಲು ಆಡಬೇಕು. ಕೆಳಗಿನ ಅಂಗಡಿಯ ಹಿರಿಯ ಹಮಾಲನನ್ನು ಕರೆದರು. ಐವತ್ತರ ಹತ್ತಿರದ ಆಳು. ಬೆನ್ನ ಮೇಲೆ ನೂರು ಕಿಲೋ ಹೊತ್ತರೂ ಎದುರು ಬಂದವರಿಗೆ ನಮಸ್ಕಾರ್ರೀ ಎನ್ನದೆ ದಾಟುವವನಲ್ಲ. ಮಷಿನನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಹಾರಿದ. ಕನ್ನಡಿಯಲ್ಲಿ ಕಪ್ಪು ಚುಕ್ಕೆ ಬಂತು, ನೋಡಲಿಲ್ಲ. ರೇಡಿಯೋದಲ್ಲಿ ಆಕೆಯ ಧ್ವನಿ, “ಸರ, ನಿಮ್ಮ ಹಿಂದ ಕ್ಷಿಪಣಿ ಬರಾಕತ್ತೈ...” ಅಷ್ಟರಲ್ಲಿ ವಿಮಾನ ಚೂರಾಯಿತು. ಹೊಗೆಯ ನಡುವೆ ಉಳಿದ ಮಾತು ಕೇಳಿಸಿತು: “...ತ್ರಿ, ಸ್ವಲ್ಪ ಎಡಕ್ಕ ಹೊಳ್ರಿ.”

ಒಂಬತ್ತು ಸಲ ಹಾರಿದ, ಒಂಬತ್ತು ಸಲ ಸತ್ತ. ಕಾಕಾ ನನ್ನನ್ನು ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. “ಏ ಮಾರಾಯಾ, ಸತ್ತ ಮ್ಯಾಲೂ ರಿ ಬಿಡವಲ್ಲಲ್ಲೋ ನೀ!” ಹಮಾಲ ಮಾತ್ರ ಗಂಭೀರವಾಗಿ ನನಗೆ ಸಮಾಧಾನ ಹೇಳಿದ: “ಹುಡುಗಿ ಮಾತು ಭಾಳ ಛಲೋ ಅದಾವ್ರಿ ಸರ. ನನಗ ಪುರಸೊತ್ತು ಸಾಲವಲ್ದರಿ.”

ಮಾತು ಉದ್ದವಾಯಿತು, ಕಡಿಮೆ ಮಾಡಿದರಾಯಿತು ಎಂದುಕೊಂಡೆ. “ಸರ, ಹೊಳ್ರಿ” ಎಂದು ಮಾಡಿದೆ. ಹಮಾಲನಿಗೆ ಕೇಳಿಸಿತು, ಆದರೂ ಕೈ ಆಡಲಿಲ್ಲ. ಅವನಿಗೆ ಇಡೀ ಆಟದಲ್ಲಿ ಆಕೆ ಸರ, ಸರ ಎನ್ನುತ್ತಲೇ ಇದ್ದಳು. ಇದೂ ಅಂಥದ್ದೇ ಒಂದು ಸರ. ನನಗೆ ಒಳಗೊಳಗೆ ಸಮಾಧಾನವೇ ಆಯಿತು. ಮಾತು ಸೋತರೆ ಕನ್ನಡಿ ಉಳಿಯುತ್ತದೆ.

ಆ ಶನಿವಾರ ಕೆಳಗೆ ಚಹಾಕ್ಕೆ ಇಳಿದಿದ್ದೆ. ಕಡಲೆ ಚೀಲಗಳನ್ನು ಒಂದರ ಮೇಲೊಂದು ಥಪ್ಪಿ ಹಚ್ಚಿದ್ದರು. ಅದರ ಬದಿಗೆ ನಿಂತು ಮೊಬೈಲ್ ನೋಡುತ್ತಿದ್ದೆ. ಥಪ್ಪಿಯ ಮೇಲಿನ ಚೀಲ ಜಾರಿದ್ದು ನನಗೆ ಕಾಣಲಿಲ್ಲ. ಕೇಳಿಸಿದ್ದು ಒಂದೇ ಕೂಗು.

“ಸರಿಯಲೇ ಬಾಜೂಕ!”

ಯೋಚಿಸದೆ ಪಕ್ಕಕ್ಕೆ ಹಾರಿದೆ. ನಾನು ನಿಂತಿದ್ದ ಜಾಗದಲ್ಲಿ ಚೀಲ ಬಿದ್ದು ಒಡೆದು, ಕಡಲೆ ರಸ್ತೆಯವರೆಗೆ ಚೆಲ್ಲಿತು. ಕೂಗಿದ್ದು ಅದೇ ಹಮಾಲ. ಮರುಕ್ಷಣವೇ ಅವನು ಹಲ್ಲಿ ಲೊಚಗುಟ್ಟಿದಂತೆ ನಾಲಗೆ ಸದ್ದು ಮಾಡಿ, “ತಪ್ಪು ತಿಳೀಬ್ಯಾಡ್ರಿ ಸರ, ಪೆಟ್ಟ ಆಗಿಲ್ಲಲ್ರಿ?” ಎಂದು ಕೈ ಮುಗಿದ.

ನಾನು ಎಂಥ ಮನುಷ್ಯ ನೋಡಿ. ಜೀವ ಉಳಿದದ್ದು ನನ್ನ ಲೆಕ್ಕಕ್ಕೇ ಬರಲಿಲ್ಲ. ಮೇಲೆ ಬಂದು, “ಹಮಾಲ ನನಗ ಲೇ ಅಂದ, ನಾಕ್ ಮಂದಿ ಮುಂದ” ಎಂದು ಗೊಣಗಿದೆ. ಕಾಕಾ, ಚಿತ್ರದವನು ಇಬ್ಬರೂ ನಕ್ಕರು. ಮೊರಬದಾಕೆ ನಗಲಿಲ್ಲ.

“ಸರ, ಅಂವ ಯಾವಾಗ್ಲೂ ನಿಮಗ ರಿ ಹಚ್ಚೇ ಮಾತಾಡ್ತಾನಲ್ರಿ?”

“ಹೌದು.”

“ಇವತ್ತ ಲೇ ಅಂದ ಕೂಡ್ಲೇ ಏನ ಮಾಡಿದ್ರಿ?”

“ಏನ ಮಾಡ್ಲಿ? ಹಾರಿದೆ.”

“ಏನ ಬರಾಕತ್ತೈತಿ ಅಂತ ನೋಡಿದ್ರೇನ್ರಿ?”

“ನೋಡಾಕ ಎಲ್ಲೈತಿ ಹೊತ್ತು?”

ಆಕೆ ಎದ್ದಳು. ಹೆಡ್‌ಫೋನ್ ಹಾಕಿಕೊಂಡು ಮೂಲೆಯ ಸಣ್ಣ ಕೋಣೆಗೆ ಹೋದಳು.

ಸೋಮವಾರ ಹೊಸ ರೆಕಾರ್ಡಿಂಗ್ ತಂದಳು. ಆಟದುದ್ದಕ್ಕೂ ಕಿರಿಯ ಪೈಲಟ್ ನನ್ನ ಮಾತುಗಳನ್ನೇ ಆಡುತ್ತಾಳೆ, ಸರ, ರಿ ಎಲ್ಲ ಸೇರಿಸಿ, ನಿಧಾನವಾಗಿ. ಕ್ಷಿಪಣಿ ಬೆನ್ನಿಗೆ ಬಂದಾಗ ಮಾತ್ರ ಒಂದೇ ಮಾತು: “ಹೊಳ್ಳಲೇ!” ಅರ್ಧ ಸೆಕೆಂಡು. ಮಷಿನು ಹಮಾಲನ ಕೈಗೆ ಹೋಯಿತು. “ಸರ, ಇವತ್ತ ಬಿಸಲ ಭಾಳ ಐತಲ್ರಿ” ಎನ್ನುತ್ತಿದ್ದ ಧ್ವನಿ ತಟ್ಟನೆ “ಹೊಳ್ಳಲೇ!” ಎಂದಿತು. ಹಮಾಲ ಮಷಿನಿನ ಸಮೇತ ಇಡೀ ಮೈಯನ್ನೇ ಹೊರಳಿಸಿದ. ಕ್ಷಿಪಣಿ ಪಕ್ಕದಲ್ಲಿ ಹಾದುಹೋಯಿತು. ಏಳು ಸಲ ಬಂತು, ಏಳು ಸಲವೂ ತಪ್ಪಿಸಿದ.

“ರಿ ಅಂದ್ರ ಪುರಸೊತ್ತು ಐತಿ ಅಂತ ತಿಳೀತೈತ್ರಿ,” ಎಂದ ಅವನು, ಹಣೆ ಒರೆಸಿಕೊಂಡು. “ಲೇ ಅಂದ್ರ ಪುರಸೊತ್ತು ಮುಗೀತು.”

ಕಾಕಾ ಎದ್ದು ನಿಂತರು. ಬೇರೆ ಭಾಷೆಗಳಲ್ಲಿ ಏನು ಮಾಡುವುದು ಎಂದು ನಾನು ಕೇಳಿದೆ. ಕೇಳಿದ್ದು ಕೊಕ್ಕೆ ಹಾಕಲು. “ಅವರವರ ರಿ ಅವರವರು ಹುಡುಕ್ಕೋತಾರ ಬಿಡೋ,” ಎಂದರು ಕಾಕಾ. ಶುಕ್ರವಾರ ಮಾದರಿ ಹೋಗಬೇಕಿತ್ತು. ಅಷ್ಟರೊಳಗೆ ಮೂರನೆಯ ಹಂತದಲ್ಲಿ, ಎಲ್ಲಕ್ಕಿಂತ ಕಠಿಣ ಕಾಳಗದಲ್ಲಿ, ಕನ್ನಡಿ ಮತ್ತು ಧ್ವನಿ ಎರಡನ್ನೂ ಬೇರೆ ಬೇರೆ ಆಡಿಸಿ ನೋಡುವುದು, ಗೆದ್ದದ್ದನ್ನು ಉಳಿಸಿಕೊಳ್ಳುವುದು ಎಂದಾಯಿತು.

ನನ್ನ ಸಂಕಟ ಸೋಲಿನದಷ್ಟೇ ಆಗಿರಲಿಲ್ಲ. ಚೀಲ ಬಿದ್ದದ್ದು ನನ್ನ ಮೇಲೆ. ಲೇ ಎನ್ನಿಸಿಕೊಂಡವನು ನಾನು. ಹಾರಿದ್ದು ನನ್ನ ಕಾಲು. ಉಪಾಯ ನನ್ನ ಬಾಯಿಂದಲೇ ಹೊರಬಿದ್ದಿತ್ತು, ಚಾಡಿಯ ರೂಪದಲ್ಲಿ. ಅದನ್ನು ನೆಲದಿಂದ ಎತ್ತಿಕೊಂಡವಳು ಆಕೆ. ಇದು ನನ್ನದು ಎಂದು ಹೇಳೋಣವೆಂದರೆ ಹೇಳಲು ಮುಖ ಬೇಕಲ್ಲ.

ಮಂಗಳವಾರ ಮೂರನೆಯ ಹಂತವನ್ನು ಒಬ್ಬನೇ ಆಡಿ ನೋಡುತ್ತಿದ್ದಾಗ ಒಂದು ದೋಷ ಸಿಕ್ಕಿತು. “ಹೊಳ್ಳಲೇ” ತಡವಾಗಿ ಬರುತ್ತಿತ್ತು, ಸುಮಾರು ಒಂದು ಸೆಕೆಂಡು. ಮೊದಲ ಹಂತದಲ್ಲಿ ಹೀಗಿರಲಿಲ್ಲ. ಹತ್ತು ನಿಮಿಷದಲ್ಲಿ ಕಾರಣ ತಿಳಿಯಿತು. ಧ್ವನಿಗಳೆಲ್ಲ ಮಷಿನಿನ ಕಾರ್ಡಿನಲ್ಲಿ ಇರುತ್ತವೆ; ಬೇಕಾದಾಗ ಓದಿಕೊಳ್ಳುತ್ತದೆ. ಮೂರನೆಯ ಹಂತದಲ್ಲಿ ನೆಲದ ಚಿತ್ರಗಳನ್ನೂ ಅದೇ ಕಾರ್ಡಿನಿಂದ ಎಡೆಬಿಡದೆ ಓದುತ್ತಿರುತ್ತದೆ. ಧ್ವನಿ ಸಾಲಿನಲ್ಲಿ ಹಿಂದೆ ನಿಲ್ಲುತ್ತದೆ. ಪರಿಹಾರವೂ ಸರಳ. ಎಚ್ಚರಿಕೆಯ ಕೂಗುಗಳನ್ನು ಮೊದಲೇ ಓದಿ ಮೆಮೊರಿಯಲ್ಲಿ ಇಟ್ಟುಬಿಟ್ಟರೆ ಸಾಲಿನಲ್ಲಿ ನಿಲ್ಲುವ ಮಾತೇ ಇಲ್ಲ. ಆದರೆ ಮೆಮೊರಿ ಭರ್ತಿಯಾಗಿತ್ತು. ಜಾಗ ಬೇಕೆಂದರೆ ಒಂದನ್ನು ತೆಗೆಯಬೇಕು, ಅದು ನನ್ನ ಕನ್ನಡಿಗೆ ಕಾದಿಟ್ಟ ಜಾಗ. ಕನ್ನಡಿ ಬಂದ್ ಮಾಡಿ ಆಡಿದರೂ ಆ ಜಾಗ ಮಾತ್ರ ಹಿಡಿದಿಟ್ಟೇ ಇರುತ್ತಿತ್ತು. ಹಾಗೆ ಬರೆದವನು ನಾನೇ.

ನಾನು ಫೈಲು ಮುಚ್ಚಿ ಚಹಾ ಕುಡಿಯಲು ಹೋದೆ. ಬಾಯಿ ಬಿಡಲಿಲ್ಲ.

ಬುಧವಾರ ಹಮಾಲ ಮೂರನೆಯ ಹಂತ ಆಡಿದ. ವಿಮಾನ ಸಿಡಿದ ಮೇಲೆ “ಹೊಳ್ಳಲೇ!” ಬಂತು. ಎರಡನೆಯ ಸಲವೂ ಹಾಗೇ. ಮೊರಬದಾಕೆಯ ಮುಖ ಸಪ್ಪಗಾಯಿತು. ತನ್ನ ರೆಕಾರ್ಡಿಂಗಿನ ಶುರುವಿನಲ್ಲಿ ಎಲ್ಲೋ ಖಾಲಿ ಜಾಗ ಉಳಿದಿದೆ ಎಂದುಕೊಂಡಳು. ಕೂದಲೆಳೆಯಷ್ಟು ಕತ್ತರಿಸಿದಳು, ಮತ್ತೆ ಕತ್ತರಿಸಿದಳು. ಹೊಸದಾಗಿ ಹೇಳಿದಳು. ಆ ಕೋಣೆಯಿಂದ ಇಡೀ ದಿನ “ಹೊಳ್ಳಲೇ, ಹೊಳ್ಳಲೇ” ಕೇಳುತ್ತಿತ್ತು, ಒಂದಕ್ಕಿಂತ ಒಂದು ಚಿಕ್ಕದು. ಗುರುವಾರದ ಹೊತ್ತಿಗೆ ಆಕೆಯ ಗಂಟಲು ಕಟ್ಟಿತು.

ನನ್ನ ಮೇಜಿನ ಹತ್ತಿರ ಬಂದು ನಿಂತಳು. “ಸರ, ನಿಮಗೇನರ ತಿಳೀತೈತೇನ್ರಿ? ನನಗ ಬಗೀ ಹರೀವಲ್ದು.”

“ಇಲ್ಲ,” ಎಂದೆ. ಪರದೆಯಿಂದ ಕಣ್ಣು ತೆಗೆಯದೆ ಎಂದೆ.

“ಆತ್ರಿ,” ಎಂದು ಹೋದಳು. ಹೋಗುವಾಗ ನನ್ನ ಮೇಜಿನ ಮೇಲಿನ ಖಾಲಿ ಲೋಟ ಎತ್ತಿಕೊಂಡು ಹೋದಳು.

ಮಧ್ಯಾಹ್ನ ಕನ್ನಡಿಯ ಸರದಿ. ಹಮಾಲ ಎಂಟು ಸಲದಲ್ಲಿ ಎರಡು ಸಲ ತಪ್ಪಿಸಿಕೊಂಡ. “ಎರಡರ ಬಂದ್ವಲ್ಲ,” ಎಂದು ಕಾಕಾ ನಿಟ್ಟುಸಿರು ಬಿಟ್ಟರು. “ಕನ್ನಡೀನ ಇರ್ಲಿ. ನಿನ್ನ ಹೆಸರ ಬರೀತೀನಿ ತಮ್ಮಾ.” ಕಾಯುತ್ತಿದ್ದ ಮಾತು. ಚಿತ್ರದವನು ಮೊರಬದಾಕೆಗೆ, “ಬಿಡ ಬೇ, ಮುಂದಿನ ಸಲ ನೋಡೂಣು” ಎಂದ. “ಹೌದಲೇ,” ಎಂದಳು ಆಕೆ, ಕಟ್ಟಿದ ಗಂಟಲಲ್ಲಿ. ಗೆದ್ದವನು ನಾನು, ಆಗಲೂ ಆ ‘ಲೇ’ಗೆ ಹೊಟ್ಟೆ ಉರಿಯಿತು.

ಸಂಜೆ ಬಿಸಿಲಿರುವಾಗಲೇ ನವಲಗುಂದದ ಬಸ್ಸು ಹತ್ತಿದೆ. ಕಿಟಕಿಯ ಆಚೆ ಉತ್ತಿಟ್ಟ ಕರಿ ಹೊಲ. ನನ್ನ ಗೆಲುವನ್ನು ನಾನೇ ಅನುಭವಿಸೋಣವೆಂದು ಮಷಿನು ತೆಗೆದು ಕನ್ನಡಿಯ ಆಟ ಶುರು ಮಾಡಿದೆ. ಬಿಸಿಲಿಗೆ ಪರದೆಯೇ ಅರ್ಧ ಕಾಣುತ್ತಿರಲಿಲ್ಲ, ಉಗುರಿನಷ್ಟು ಕನ್ನಡಿ ಎಲ್ಲಿಂದ ಕಂಡೀತು? ಮುಂದಿನ ವಿಮಾನದ ಬೆನ್ನು ಹತ್ತಿದೆ. ಹಿಂದೆ ಕ್ಷಿಪಣಿ ಹೊರಟಿರಬೇಕು ಎಂದು ಲೆಕ್ಕದಿಂದ ಗೊತ್ತಿತ್ತು, ಆಟ ಬರೆದವನಲ್ಲವೇ. ಕಣ್ಣು ಕನ್ನಡಿಗೆ ಹೋಗಲಿಲ್ಲ. ಬಾಯಿ ತಾನಾಗಿ ತೆರೆಯಿತು.

“ಹೊಳ್ಳಲೇ!”

ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಟೋಪಿಯ ಅಜ್ಜ ಗಕ್ಕನೆ ಹೊಳ್ಳಿ ನನ್ನನ್ನೇ ನೋಡಿದರು.

“ಯಾರಿಗಂದಿ ಲೇ ತಮ್ಮಾ?”

“ನಿಮಗಲ್ರೀ ಅಜ್ಜಾರ. ಈ ಆಟದಾಗಿನ ವಿಮಾನಕ್ಕ ಅಂದಿದ್ದು.”

“ನಾ ಹೊಳ್ಳಿದ್ನಲ್ಲೋ!”

“ತಪ್ಪಾತ್ರಿ.” ಆಮೇಲೆ ಕೇಳಿದೆ, “ಅಜ್ಜಾರ, ಸ್ವಲ್ಪ ಹೊಳ್ರಿ ಅಂದಿದ್ರ ಹೊಳ್ಳತಿದ್ರೇನ್ರಿ?”

ಅಜ್ಜ ನಕ್ಕರು. “ಯಾರಿಗೋ ಅಂತಾರ ಅನ್ಕೊಂಡು ನಿದ್ದಿ ಮಾಡತಿದ್ನಿ.”

ನನ್ನ ಕೈಯಲ್ಲಿ ವಿಮಾನ ಆಗಲೇ ಬಿದ್ದಿತ್ತು. ಎರಡು ತಿಂಗಳು ಕೂತು ಮಾಡಿದ ಕನ್ನಡಿಯನ್ನು ನಾನೇ ನೋಡಿರಲಿಲ್ಲ. ಆಕೆಯ ಬಾಯಿಂದ ಕೇಳಿದ ಮಾತನ್ನು ಮಾತ್ರ ಆಡಿದ್ದೆ. ಅಷ್ಟೂ ಹೊಟ್ಟೆಕಿಚ್ಚಿನ ಕೆಳಗೆ, ಆಕೆಯದೇ ಸರಿ ಎಂದು ನನಗೆ ಸೋಮವಾರದಿಂದಲೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಉರಿದಿದ್ದೆ.

ಶುಕ್ರವಾರ ಮೊದಲ ಬಸ್ಸಿಗೇ ಬಂದು ಬಾಗಿಲು ತೆಗೆಸಿದೆ. ಕನ್ನಡಿ ತೆಗೆಯುವುದು ನಲವತ್ತು ನಿಮಿಷದ ಕೆಲಸ. ಆ ಜಾಗಕ್ಕೆ ಎಂಟು ಬಗೆಯಲ್ಲಿ ಕೂಗಿದ ‘ಹೊಳ್ಳಲೇ’ಗಳನ್ನು ಕೂರಿಸಿದೆ. ಮೊರಬದಾಕೆ ಸೋಮವಾರ ತಂದಿದ್ದವು, ಗಂಟಲು ಕಟ್ಟುವುದಕ್ಕೆ ಮುಂಚಿನವು. ಮೂರನೆಯ ಹಂತ ಹಚ್ಚಿದೆ. ಕ್ಷಿಪಣಿಯ ಜೊತೆಗೇ ಮಾತು ಬಂತು. ಹಮಾಲ ಮೇಲೆ ಬಂದು ಆಡಿ, ಎಂಟಕ್ಕೆ ಎಂಟು ತಪ್ಪಿಸಿದ. ಕಾಕಾ ನನ್ನ ಮುಖ ನೋಡಿದರು. ಕಂಪನಿಗೆ ಕಳಿಸುವ ಕಾಗದದಲ್ಲಿ ನನ್ನ ಹೆಸರು ಹೊಡೆದು ಆಕೆಯ ಹೆಸರು ಬರೆದರು. ಅವರು ಬರೆಯುವುದನ್ನು ನಾನು ನಿಂತು ನೋಡಿದೆ. ಉರಿ ಆರಿತ್ತು ಎಂದರೆ ಸುಳ್ಳಾಗುತ್ತದೆ.

ಆಕೆಗೆ ಮೆಟ್ಟಿಲ ಹತ್ತಿರ ಹೇಳಿದೆ. “ನಿನ್ನ ರೆಕಾರ್ಡಿಂಗ್ ಸರಿ ಇತ್ತು. ದೋಷ ಮೆಮೊರಿದು. ನನಗ ಮಂಗಳವಾರನ ಗೊತ್ತಾಗಿತ್ತು.” ಯಾಕೆ ಹೇಳಲಿಲ್ಲ ಎಂಬ ಉಳಿದರ್ಧ ಹೇಳಲು ನಾಲಗೆ ಏಳಲಿಲ್ಲ.

ಬೈಯಲಿ ಎಂದು ಕಾದೆ. ಚಿತ್ರದವನಿಗೆ ಬೈಯುವಂತೆ, ನಾಚಿಕಿ ಬರೂದಿಲ್ಲೇನಲೇ ಎಂದಿದ್ದರೆ ಎಷ್ಟು ಹಗುರಾಗುತ್ತಿದ್ದೆನೋ. ಆಕೆ ಕೆಳಗೆ ಚೀಲಗಳ ಕಡೆ ನೋಡಿದಳು. ಮಾತು ಇನ್ನೂ ಒಡೆದ ಗಂಟಲಲ್ಲೇ ಬಂತು.

“ಆತ್ರೀ ಸರ. ಹೇಳಿದ್ರಲ್ಲ, ಛಲೋ ಆತ್ರಿ.”

ಆ ‘ರಿ’ ಅಂದಿನಿಂದ ಇಂದಿನವರೆಗೂ ಹಾಗೇ ಇದೆ. ಆಕೆ ಈಗ ದೊಡ್ಡ ಆಟದ ಕೆಲಸದಲ್ಲಿದ್ದಾಳೆ. ಆಗಾಗ ನಮ್ಮ ಮಾಳಿಗೆಗೂ ಬರುತ್ತಾಳೆ. ಚಿತ್ರದವನಿಗೆ ಲೇ, ಕೆಳಗಿನ ಅಂಗಡಿಯ ಹುಡುಗರಿಗೆ ಲೇ. ನನಗೆ “ಆರಾಮ ಅದೀರೇನ್ರೀ ಸರ?”

ಸಣ್ಣ ಆಟ ಮಾರುಕಟ್ಟೆಗೆ ಬಂದು ಬಹಳ ದಿನಗಳಾದವು. ನವಲಗುಂದದ ಬಸ್ಸಿನಲ್ಲಿ ನಾನು ಈಗಲೂ ಅದನ್ನು ಆಡುತ್ತೇನೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಆಟ ಬರೆದವನು ನಾನು, ಯಾವ ಕ್ಷಿಪಣಿ ಎಲ್ಲಿಂದ ಬರುತ್ತದೆಂದು ಗೊತ್ತು, ಎಲ್ಲವನ್ನೂ ಮೊದಲೇ ತಪ್ಪಿಸಬಲ್ಲೆ. ತಪ್ಪಿಸುವುದಿಲ್ಲ. ವಿಮಾನವನ್ನು ನೆಟ್ಟಗೆ ಬಿಟ್ಟು, ಅದು ಬೆನ್ನಿಗೆ ಬರುವವರೆಗೂ ಕಾಯುತ್ತೇನೆ. ಆಕೆ ನನಗೆ ಲೇ ಎನ್ನುವುದು ಅಲ್ಲಿ ಮಾತ್ರ.